ದನಿ ಇದೆ, ಚಿತ್ರ ಇಲ್ಲ: ಒಂದು ಆನ್‌ಲೈನ್ ಕೋರ್ಸ್‌ನ ವಿಡಿಯೋ ತೊಂದರೆ ಬಿಡಿಸಿದ ಬಗೆ

ವಿದ್ಯುತ್ ಉಪಕರಣಗಳ ರಿಪೇರಿ ಕಲಿಸುವ ಒಂದು ಆನ್‌ಲೈನ್ ಕೋರ್ಸ್. ಅದು ನಡೆಯುವ ಸಾಫ್ಟ್‌ವೇರನ್ನು ನೋಡಿಕೊಳ್ಳುವ ಕೆಲಸ ನನ್ನದು. ಪಾಠಗಳೆಲ್ಲ ಹೆಚ್ಚಾಗಿ ಚಿಕ್ಕ ಚಿಕ್ಕ ವಿಡಿಯೋಗಳು. ಶಿಕ್ಷಕಿ ಮೇಜಿನ ಮುಂದೆ ಕೂತು, ಮೋಟಾರ್ ಬಿಚ್ಚಿ, ಮಲ್ಟಿಮೀಟರ್‌ನ ಕಡ್ಡಿಗಳನ್ನು ಒಂದೊಂದೇ ತಂತಿಗೆ ಮುಟ್ಟಿಸಿ ತೋರಿಸುತ್ತಾರೆ. ಕ್ಯಾಮೆರಾ ಪೂರ್ತಿ ಅವರ ಕೈಗಳ ಮೇಲೆಯೇ ಇರುತ್ತದೆ. ಮುಖ ಕಾಣುವುದು ಕಡಿಮೆ.

ಇಂಥ ಕೋರ್ಸ್‌ನಲ್ಲಿ ಚಿತ್ರ ಹೋದರೆ ಪಾಠವೇ ಹೋದಂತೆ. ‘ಈ ತುದೀನ ಇಲ್ಲಿಡಿ, ಆ ತುದೀನ ಹೀಗೆ ಹಿಡೀರಿ’ ಎಂಬ ಮಾತಿನಲ್ಲಿ ಅರ್ಥವೆಲ್ಲ ಇರುವುದು ‘ಇಲ್ಲಿ’ ಮತ್ತು ‘ಹೀಗೆ’ಯಲ್ಲಿ. ಅವೆರಡೂ ಕಣ್ಣಿಗೆ ಕಾಣಬೇಕಾದವು. ಕರೆಂಟಿನ ಕೆಲಸದಲ್ಲಿ ಊಹೆ ಮಾಡಿ ಕೈ ಹಾಕುವುದು ಎಷ್ಟು ಅಪಾಯ ಅಂತ ಬೇರೆ ಹೇಳಬೇಕಾಗಿಲ್ಲ. ಅದಕ್ಕೇ ಈ ತೊಂದರೆಯನ್ನು ನಾನು ಸಣ್ಣದು ಎಂದುಕೊಳ್ಳಲಿಲ್ಲ. ಇದನ್ನು ಹೇಗೆ ಬಿಡಿಸಿದೆವು ಅಂತ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ. ಇದೇ ಕೆಲಸದಲ್ಲಿರುವ ಬೇರೆಯವರಿಗೆ ಉಪಯೋಗಕ್ಕೆ ಬಂದರೆ ಸಂತೋಷ.

ದೂರು ಏನಿತ್ತು

ಕಲಿಯುವವರು ಬರೆದ ದೂರುಗಳಲ್ಲಿ ಹೆಚ್ಚುಕಮ್ಮಿ ಒಂದೇ ಮಾತು: ‘ವಿಡಿಯೋ ಬರ್ತಿಲ್ಲ.’ ಹೆಲ್ಪ್‌ಡೆಸ್ಕ್‌ನಿಂದ ಹೋದ ಉತ್ತರವೂ ಒಂದೇ. ಕ್ಯಾಶ್ (ಬ್ರೌಸರ್ ತಾನಾಗಿ ಉಳಿಸಿಟ್ಟುಕೊಂಡ ಹಳೆಯ ಫೈಲ್‌ಗಳು) ಅಳಿಸಿ, ಬೇರೆ ಬ್ರೌಸರ್‌ನಲ್ಲಿ ನೋಡಿ, ಇಂಟರ್ನೆಟ್ ಸರಿಯಿದೆಯಾ ನೋಡಿಕೊಳ್ಳಿ. ಕೆಲವರು ‘ಎಲ್ಲ ಮಾಡಿದೆ, ಹಾಗೇ ಇದೆ’ ಅಂತ ಮತ್ತೆ ಬರೆದರು. ಉಳಿದವರು ಸುಮ್ಮನಾದರು. ಸುಮ್ಮನಾದವರ ದೂರುಗಳು ‘ಪರಿಹಾರವಾಗಿದೆ’ ಪಟ್ಟಿಗೆ ಸೇರಿಹೋದವು.

ಇದಕ್ಕಿಂತ ದಾರಿ ತಪ್ಪಿಸಿದ್ದು ಕೋರ್ಸ್‌ನ ವರದಿ. ಒಂದು ಪಾಠದ ವಿಡಿಯೋವನ್ನು ಬಹುಪಾಲು ನೋಡಿದರೆ ಸಾಫ್ಟ್‌ವೇರ್ ಅದರ ಮುಂದೆ ‘ಮುಗಿದಿದೆ’ ಅಂತ ಗುರುತು ಹಾಕುತ್ತದೆ. ದೂರು ಕೊಟ್ಟವರಲ್ಲೇ ಹಲವರ ಹೆಸರಿನ ಮುಂದೆ ಆ ಗುರುತು ಬಿದ್ದಿತ್ತು. ‘ವಿಡಿಯೋ ಪೂರ್ತಿ ನೋಡಿದ್ದಾರೆ ಅಂತ ವರದಿ ಹೇಳ್ತಿದೆ, ಹಾಗಿದ್ದ ಮೇಲೆ ಬರ್ತಿಲ್ಲ ಅಂದ್ರೇನು?’ ಎಂಬ ಪ್ರಶ್ನೆ ಕಚೇರಿಯಲ್ಲಿ ಎದ್ದಿತು. ಕೇಳಿದವರದು ತಪ್ಪಲ್ಲ. ವರದಿ ನೋಡಿದರೆ ಯಾರಿಗಾದರೂ ಹಾಗೇ ಅನ್ನಿಸುತ್ತದೆ.

ಪಾಠದ ಕೊನೆಯ ಪರೀಕ್ಷೆ ಮಾತ್ರ ಬೇರೆ ಕತೆ ಹೇಳುತ್ತಿತ್ತು. ‘ಮುಗಿದಿದೆ’ ಅಂತ ಗುರುತಿದ್ದವರೇ ಚಿತ್ರ ನೋಡಿ ಉತ್ತರಿಸಬೇಕಾದ ಪ್ರಶ್ನೆಗಳಲ್ಲಿ ಎಡವುತ್ತಿದ್ದರು. ಮಾತಿನಲ್ಲಿ ಹೇಳಿದ್ದಕ್ಕೆ ಸರಿಯಾಗಿ ಉತ್ತರ ಕೊಟ್ಟಿದ್ದರು. ಕೈಯಲ್ಲಿ ತೋರಿಸಿದ್ದಕ್ಕೆ ಕೊಟ್ಟಿರಲಿಲ್ಲ. ಈ ವ್ಯತ್ಯಾಸವನ್ನು ಮೊದಲು ಗಮನಿಸಿದವರು ಶಿಕ್ಷಕಿಯೇ. ಅವರು ಉತ್ತರ ಪತ್ರಿಕೆಗಳನ್ನು ಒಂದೊಂದಾಗಿ ಓದುವವರು. ಅಂಕಿ ಅಂಶದ ಪುಟ ಮಾತ್ರ ನೋಡಿದ್ದರೆ ಇದು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

ಪ್ರಶ್ನೆ ಬದಲಿಸಿದೆವು

‘ಬರ್ತಿಲ್ಲ’ ಎಂಬುದು ಒಂದು ತೊಂದರೆಯ ಹೆಸರಲ್ಲ. ಅದರೊಳಗೆ ಹತ್ತಾರು ತೊಂದರೆ ಇರಬಹುದು. ಹಾಗಾಗಿ ದೂರು ಕೊಟ್ಟ ಎಲ್ಲರಿಗೂ ಒಂದೇ ಪ್ರಶ್ನೆ ಕಳಿಸಿದೆವು: ‘ವಿಡಿಯೋ ಇರಬೇಕಾದ ಜಾಗದಲ್ಲಿ ಈಗ ನಿಮಗೆ ಏನು ಕಾಣುತ್ತಿದೆ? ಏನಾದರೂ ಕೇಳಿಸುತ್ತಿದೆಯಾ?’ ಇದರ ಜೊತೆಗೆ ಯಾವ ಪಾಠ, ಕಂಪ್ಯೂಟರಾ ಫೋನಾ, ಯಾವ ಬ್ರೌಸರ್, ಎಲ್ಲಿಂದ ನೋಡುತ್ತಿದ್ದೀರಿ ಅಂತ ಕೇಳಿದೆವು. ಆದರೆ ಕೆಲಸಕ್ಕೆ ಬಂದದ್ದು ಹೆಚ್ಚಾಗಿ ಆ ಮೊದಲ ಪ್ರಶ್ನೆಯೇ.

ಒಬ್ಬ ಹುಡುಗ ಬರೆದ ಉತ್ತರ ಇದು: ‘ಸರ್, ಮೇಡಂ ಮಾತಾಡೋದು ಚೆನ್ನಾಗಿ ಕೇಳಿಸುತ್ತೆ. ಅವರ ಕೈ ಕಾಣಿಸಲ್ಲ. ಪೂರ್ತಿ ಕಪ್ಪು.’ ಇನ್ನೊಬ್ಬರು ‘ಸುತ್ತುತ್ತಾ ಇರುತ್ತೆ, ಶುರುವೇ ಆಗಲ್ಲ’ ಅಂದರು. ಮತ್ತೊಬ್ಬರು ‘ಖಾಲಿ ಬಿಳಿ ಚೌಕ, ಮಧ್ಯದಲ್ಲಿ ಏನೋ ಇಂಗ್ಲಿಷ್‌ನಲ್ಲಿ ಬರೆದಿದೆ’ ಅಂದರು. ಅಲ್ಲಿಗೆ ಒಂದು ದೂರು ಮೂರಾಯಿತು. ಈ ಮೂರಕ್ಕೂ ಒಂದೇ ಉತ್ತರ ಕೊಡುತ್ತಿದ್ದೆವಲ್ಲ, ಅದರಿಂದ ಯಾರಿಗೂ ಪ್ರಯೋಜನ ಆಗದಿದ್ದುದರಲ್ಲಿ ಆಶ್ಚರ್ಯ ಇಲ್ಲ.

ತಾಂತ್ರಿಕ ಪದ ಒಂದೂ ಗೊತ್ತಿಲ್ಲದೆ ಬರೆದ ಆ ಹುಡುಗನ ಮೂರು ಚಿಕ್ಕ ವಾಕ್ಯ ಅರ್ಧ ತನಿಖೆಯನ್ನು ಮುಗಿಸಿತ್ತು. ದನಿ ಬರುತ್ತಿದೆ ಅಂದರೆ ಫೈಲ್ ಸರ್ವರ್‌ನಿಂದ ಅವನ ಕಂಪ್ಯೂಟರ್‌ವರೆಗೆ ತಲುಪಿದೆ. ಇಂಟರ್ನೆಟ್ ಸರಿಯಿದೆ, ಲಾಗಿನ್ ಸರಿಯಿದೆ, ಫೈಲ್ ತೆರೆಯಲು ಅನುಮತಿಯೂ ಇದೆ. ತಲುಪಿದ ಮೇಲೆ ಅದರಲ್ಲಿನ ಚಿತ್ರದ ಭಾಗವನ್ನು ಬಿಡಿಸಿ ತೋರಿಸುವುದು ಮಾತ್ರ ಆಗುತ್ತಿಲ್ಲ. ಕ್ಯಾಶ್ ಅಳಿಸುವುದರಿಂದ ಇದು ಹೇಗೆ ತಾನೇ ಸರಿಹೋಗುತ್ತದೆ?

ಕಪ್ಪು ತೆರೆ

ದೂರು ಜಾಸ್ತಿ ಇದ್ದದ್ದು ಈ ಗುಂಪಿನಲ್ಲೇ. ಉತ್ತರಗಳನ್ನು ಪಕ್ಕಪಕ್ಕ ಇಟ್ಟು ನೋಡಿದಾಗ ಎರಡು ವಿಷಯ ಎದ್ದು ಕಂಡವು. ಎಲ್ಲ ಪಾಠಗಳಲ್ಲೂ ತೊಂದರೆ ಇಲ್ಲ, ಕೆಲವದರಲ್ಲಿ ಮಾತ್ರ. ಆ ಪಾಠಗಳೂ ಎಲ್ಲರಿಗೂ ಕಪ್ಪಲ್ಲ. ಆ್ಯಪಲ್ ಕಂಪ್ಯೂಟರ್ ಇದ್ದವರು ಯಾರೂ ದೂರು ಕೊಟ್ಟಿರಲಿಲ್ಲ. ವಿಂಡೋಸ್ ಇದ್ದವರಲ್ಲಿ ಹಳೆಯ ಲ್ಯಾಪ್‌ಟಾಪ್ ಇದ್ದವರದೇ ದೂರು ಹೆಚ್ಚು. ತೊಂದರೆ ಫೈಲ್‌ನಲ್ಲೂ ಇದೆ, ನೋಡುವ ಯಂತ್ರದಲ್ಲೂ ಇದೆ. ಎರಡೂ ಸೇರಿದಾಗ ಮಾತ್ರ ಹೊರಗೆ ಕಾಣುತ್ತದೆ.

ಕಪ್ಪಾಗಿ ಕಾಣುವ ಒಂದು ಪಾಠದ ಫೈಲನ್ನು ಇಳಿಸಿಕೊಂಡು ಮೀಡಿಯಾಇನ್ಫೋ ಎಂಬ ಉಚಿತ ತಂತ್ರಾಂಶದಲ್ಲಿ ತೆರೆದೆವು. ಫೈಲ್‌ನ ಹೆಸರು ಎಂಪಿ4. ಆದರೆ ಎಂಪಿ4 ಎಂಬುದು ಬರೀ ಡಬ್ಬ. ಒಳಗೆ ಏನಿದೆ ಅಂತ ಡಬ್ಬದ ಹೊರಗಿನ ಹೆಸರು ಹೇಳುವುದಿಲ್ಲ. ಚಿತ್ರವನ್ನು ಯಾವ ವಿಧಾನದಲ್ಲಿ ಕುಗ್ಗಿಸಿ ತುಂಬಿದ್ದಾರೆ ಎಂಬುದೇ ಮುಖ್ಯ. ಆ ವಿಧಾನಕ್ಕೆ ಕೋಡೆಕ್ ಅನ್ನುತ್ತಾರೆ. ಸರಿಯಾಗಿ ಓಡುವ ಪಾಠಗಳಲ್ಲಿ ಇದ್ದದ್ದು ಎಚ್.264. ಇದು 2003ರಲ್ಲಿ ಬಂದದ್ದು, ಇವತ್ತು ಬಳಕೆಯಲ್ಲಿರುವ ಬ್ರೌಸರ್‌ಗಳಲ್ಲಿ ಹೆಚ್ಚುಕಮ್ಮಿ ಎಲ್ಲ ಕಡೆ ಓಡುತ್ತದೆ. ಕಪ್ಪಾಗಿ ಕಾಣುವ ಪಾಠಗಳಲ್ಲಿ ಇದ್ದದ್ದು ಎಚ್.265. ಎಚ್‌ಇವಿಸಿ ಅಂತಲೂ ಕರೆಯುವ ಇದು 2013ರದು. ಅಷ್ಟೇ ಸ್ಪಷ್ಟವಾದ ಚಿತ್ರವನ್ನು ಸುಮಾರು ಅರ್ಧ ಜಾಗದಲ್ಲಿ ಹಿಡಿಸುವ ಉದ್ದೇಶದಿಂದ ಮಾಡಿದ್ದು. ಒಳ್ಳೆಯ ಕೋಡೆಕ್. ಆದರೆ ಬ್ರೌಸರ್‌ಗಳು ಇದನ್ನು ಒಪ್ಪಿಕೊಂಡ ರೀತಿ ಒಂದೇ ತರ ಇಲ್ಲ.

ಆ್ಯಪಲ್‌ನ ಬ್ರೌಸರ್ ಸಫಾರಿ 2017ರಿಂದಲೇ ಎಚ್.265 ತೋರಿಸುತ್ತದೆ. ಕ್ರೋಮ್ ಇದನ್ನು ಶುರು ಮಾಡಿದ್ದು 2022ರಲ್ಲಿ, 107ನೇ ಆವೃತ್ತಿಯಿಂದ. ಅದೂ ಕಂಪ್ಯೂಟರ್‌ನ ಗ್ರಾಫಿಕ್ಸ್ ಚಿಪ್‌ಗೆ ಈ ಕೋಡೆಕ್ ಬಿಡಿಸುವ ಶಕ್ತಿ ಇದ್ದರೆ ಮಾತ್ರ. ಚಿಪ್‌ಗೆ ಬರದಿದ್ದರೆ ಕ್ರೋಮ್ ತಾನಾಗಿ ಬಿಡಿಸುವುದಿಲ್ಲ. ಇಂಟೆಲ್ ಚಿಪ್‌ಗಳಿಗೆ ಈ ಶಕ್ತಿ ಪೂರ್ತಿಯಾಗಿ ಬಂದದ್ದು 2015ರ ಸ್ಕೈಲೇಕ್ ಪೀಳಿಗೆಯಿಂದ. ವಿಂಡೋಸ್‌ನಲ್ಲಿ ಫೈರ್‌ಫಾಕ್ಸ್ ಇದನ್ನು ತೋರಿಸತೊಡಗಿದ್ದು 2025ರ ಜನವರಿಯ 134ನೇ ಆವೃತ್ತಿಯಿಂದ. ಹಳೆಯ ಲ್ಯಾಪ್‌ಟಾಪ್‌ನವರಿಗೇ ಯಾಕೆ ಕಪ್ಪು ಎಂಬುದಕ್ಕೆ ಕಾರಣ ಇಲ್ಲಿ ಸಿಕ್ಕಿತು.

ದನಿ ಮಾತ್ರ ಯಾಕೆ ಬರುತ್ತಿತ್ತು? ಫೈಲ್‌ನಲ್ಲಿ ಚಿತ್ರ ಮತ್ತು ದನಿ ಎರಡು ಬೇರೆ ಬೇರೆ ಎಳೆ. ದನಿಯ ಎಳೆ ಎಎಸಿ ವಿಧಾನದ್ದು, ಅದು ಎಲ್ಲ ಕಡೆ ಓಡುತ್ತದೆ. ಚಿತ್ರದ ಎಳೆ ತನಗೆ ಬಾರದು ಅಂತ ಗೊತ್ತಾದಾಗ ಕ್ರೋಮ್ ಅದನ್ನು ಬಿಟ್ಟು ದನಿಯನ್ನು ಮಾತ್ರ ಓಡಿಸಿತ್ತು. ದೋಷದ ಸಂದೇಶವೂ ಇಲ್ಲ, ಎಚ್ಚರಿಕೆಯೂ ಇಲ್ಲ. ವರದಿಯ ಗೊಂದಲಕ್ಕೂ ಉತ್ತರ ಇದೇ. ಕೋರ್ಸ್ ಸಾಫ್ಟ್‌ವೇರ್ ಗಮನಿಸುವುದು ಪ್ಲೇಯರ್‌ನ ಸಮಯ ಮುಂದೆ ಹೋಗುತ್ತಿದೆಯಾ ಎಂಬುದನ್ನು. ದನಿ ಓಡಿದರೆ ಸಮಯವೂ ಓಡುತ್ತದೆ. ಚಿತ್ರ ಇತ್ತೋ ಇಲ್ಲವೋ ಅಂತ ಅದು ಕೇಳುವುದಿಲ್ಲ. ಕಪ್ಪು ತೆರೆಯ ಮುಂದೆ ಕೂತು ಪೂರ್ತಿ ಪಾಠ ಕೇಳಿಸಿಕೊಂಡವರಿಗೆ ‘ಮುಗಿದಿದೆ’ ಗುರುತು ಸಿಕ್ಕಿತ್ತು. ಸಹನೆಯಿಂದ ಕೊನೆತನಕ ಕೂತವರ ಮಾತನ್ನೇ ವರದಿ ಸುಳ್ಳು ಮಾಡುತ್ತಿತ್ತು. ಈ ಪ್ರಕರಣದಲ್ಲಿ ನನಗೆ ಅತಿ ಹೆಚ್ಚು ಬೇಸರ ತಂದ ಸಂಗತಿ ಇದು.

ಕೆಲವು ಪಾಠ ಮಾತ್ರ ಹೀಗೆ ಯಾಕೆ

ಶಿಕ್ಷಕಿ ಎಲ್ಲ ಪಾಠಗಳನ್ನೂ ಐಫೋನ್‌ನಲ್ಲೇ ಹಿಡಿದಿದ್ದರು. ಹಾಗಾದರೆ ಎಲ್ಲವೂ ಒಂದೇ ತರ ಇರಬೇಕಿತ್ತಲ್ಲ? ವ್ಯತ್ಯಾಸ ಇದ್ದದ್ದು ಅಪ್‌ಲೋಡ್ ಮಾಡಿದ ದಾರಿಯಲ್ಲಿ.

2017ರಲ್ಲಿ ಐಓಎಸ್ 11 ಬಂದ ಮೇಲೆ, ಐಫೋನ್ 7 ಮತ್ತು ಅದಕ್ಕಿಂತ ಹೊಸ ಫೋನ್‌ಗಳು ತಾವಾಗಿಯೇ ಎಚ್.265ರಲ್ಲಿ ಹಿಡಿಯುತ್ತವೆ. ಫೋನ್‌ನಿಂದಲೇ ಬ್ರೌಸರ್ ತೆರೆದು ವಿಡಿಯೋ ಹಾಕಿದಾಗ, ಕಳಿಸುವ ಮೊದಲು ಫೋನ್ ಅನೇಕ ಸಲ ಅದನ್ನು ಎಚ್.264ಕ್ಕೆ ಬದಲಿಸುತ್ತದೆ. ಮೊದಲ ಪಾಠಗಳನ್ನು ಅವರು ಹಾಗೇ ಹಾಕಿದ್ದರು. ಆಮೇಲೆ ಸ್ವಲ್ಪ ಕತ್ತರಿಸಿ ಜೋಡಿಸುವ ಅಗತ್ಯ ಬಿತ್ತು. ವಿಡಿಯೋಗಳನ್ನು ತಮ್ಮ ಮ್ಯಾಕ್ ಕಂಪ್ಯೂಟರ್‌ಗೆ ಹಾಕಿಕೊಂಡು, ಅಲ್ಲಿಂದ ಅಪ್‌ಲೋಡ್ ಮಾಡತೊಡಗಿದರು. ಆ ದಾರಿಯಲ್ಲಿ ಯಾರೂ ಬದಲಿಸಲಿಲ್ಲ. ಎಚ್.265 ಹಾಗೇ ಸರ್ವರ್‌ಗೆ ಬಂದು ಕೂತಿತು. ಅವರ ಮ್ಯಾಕ್‌ನಲ್ಲಿ ಪಾಠ ಲಕ್ಷಣವಾಗಿ ಕಾಣುತ್ತಿತ್ತು. ಅಪ್‌ಲೋಡ್ ಮಾಡಿದ ಪ್ರತಿ ಪಾಠವನ್ನೂ ಅವರು ತೆರೆದು ನೋಡಿ, ಸರಿಯಿದೆ ಅಂತ ಖಚಿತ ಮಾಡಿಕೊಂಡೇ ಬಿಡುಗಡೆ ಮಾಡುತ್ತಿದ್ದರು. ಅವರ ಕಡೆಯಿಂದ ಕೊರತೆ ಏನೂ ಇರಲಿಲ್ಲ. ಒಂದೇ ಯಂತ್ರದಲ್ಲಿ ನೋಡಿದರೆ ಆ ಯಂತ್ರದ ಮಟ್ಟಿಗೆ ಮಾತ್ರ ಖಚಿತ, ಅಷ್ಟೆ.

ನಡುವೆ ಒಂದು ಮಾತು. ಕೊನೆಯಲ್ಲಿ ಎಂಓವಿ ಅಂತಿರುವ ಫೈಲ್‌ನ ಹೆಸರನ್ನು ಎಂಪಿ4 ಅಂತ ತಿದ್ದಿ ಹಾಕುವ ರೂಢಿ ಬಹಳ ಕಡೆ ಇದೆ. ಅಪ್‌ಲೋಡ್ ಪುಟ ‘ಎಂಪಿ4 ಮಾತ್ರ’ ಅಂದಾಗ ಜನ ಮಾಡುವ ಸುಲಭದ ಕೆಲಸ ಅದು. ಹೆಸರು ಬದಲಾದರೆ ಒಳಗಿನ ಕೋಡೆಕ್ ಬದಲಾಗುವುದಿಲ್ಲ. ಪುಟ ಅದನ್ನು ಒಪ್ಪಿಕೊಳ್ಳುತ್ತದೆ, ನೋಡುವವರ ಬ್ರೌಸರ್ ಒಪ್ಪುವುದಿಲ್ಲ.

ಪರಿವರ್ತನೆ, ಮತ್ತೆ ಉಳಿದ ಕೆಲವು ಫೈಲ್

ಕಪ್ಪಾಗಿ ಕಾಣುವ ಪಾಠಗಳನ್ನೆಲ್ಲ ಎಚ್.264ಕ್ಕೆ ಬದಲಿಸಲು ಎಫ್‌ಎಫ್‌ಎಂಪೆಗ್ ಎಂಬ ಉಚಿತ ತಂತ್ರಾಂಶ ಬಳಸಿದೆವು. ಕಮಾಂಡ್ ಬರೆಯಲು ಇಷ್ಟವಿಲ್ಲದವರಿಗೆ ಹ್ಯಾಂಡ್‌ಬ್ರೇಕ್ ಇದೆ, ಅದೂ ಉಚಿತ, ಗುಂಡಿ ಒತ್ತಿ ಮಾಡಬಹುದು. ಹೆಚ್ಚಿನ ಪಾಠಗಳು ಇದರಿಂದಲೇ ಸರಿಯಾದವು. ಕಪ್ಪು ತೆರೆಯ ದೂರು ಕೊಟ್ಟಿದ್ದ ಹುಡುಗ ‘ಈಗ ಕೈ ಕಾಣಿಸ್ತಿದೆ ಸರ್’ ಅಂತ ಬರೆದ.

ಆದರೆ ಕೊನೆಯ ಕೆಲವು ಪಾಠಗಳು ಎಚ್.264ಕ್ಕೆ ಬದಲಿಸಿದ ಮೇಲೂ ಕೆಲವು ಕಡೆ ಓಡಲಿಲ್ಲ. ಅಷ್ಟೇ ಅಲ್ಲ, ಮೊದಲು ಸರಿಯಾಗಿ ಕಾಣುತ್ತಿದ್ದ ಸಫಾರಿಯಲ್ಲೂ ಈಗ ಹೋದವು. ಇದು ಕೋಡೆಕ್‌ನ ಹೆಸರಿನಲ್ಲಿ ಕಾಣದ ತೊಂದರೆ. ಮೀಡಿಯಾಇನ್ಫೋದಲ್ಲಿ ಇನ್ನೂ ಕೆಳಗಿನ ಸಾಲುಗಳನ್ನು ನೋಡಿದಾಗ ಸಿಕ್ಕಿತು: ಬಿಟ್ ಡೆಪ್ತ್ 10. ಉಳಿದ ಪಾಠಗಳಲ್ಲಿ ಅದು 8.

ಶಿಕ್ಷಕಿ ನಡುವೆ ಹೊಸ ಫೋನ್ ಕೊಂಡಿದ್ದರು. ಐಫೋನ್ 12ರಿಂದ ಮುಂದಿನ ಫೋನ್‌ಗಳು ಎಚ್‌ಡಿಆರ್ ವಿಡಿಯೋ, ಅಂದರೆ ಬೆಳಕು ಮತ್ತು ಬಣ್ಣದ ಹೆಚ್ಚಿನ ವ್ಯಾಪ್ತಿ ಇರುವ ವಿಡಿಯೋ ಹಿಡಿಯುತ್ತವೆ. ಅದರಲ್ಲಿ ಪ್ರತಿ ಬಣ್ಣಕ್ಕೆ 8ರ ಬದಲು 10 ಬಿಟ್ ಇರುತ್ತದೆ. ಬೇರೆ ಏನೂ ಹೇಳದಿದ್ದರೆ ಎಫ್‌ಎಫ್‌ಎಂಪೆಗ್ ಆ 10 ಬಿಟ್ಟನ್ನು ಹಾಗೇ ಉಳಿಸಿಕೊಂಡು ಎಚ್.264 ಮಾಡುತ್ತದೆ. ಹೀಗೆ ಆಗುವುದು ‘ಹೈ 10’ ಎಂಬ ಬಗೆಯ ಎಚ್.264. ಕಂಪ್ಯೂಟರ್ ಮತ್ತು ಫೋನ್‌ಗಳ ಚಿಪ್‌ಗಳು ಸಾಮಾನ್ಯವಾಗಿ ಇದನ್ನು ಬಿಡಿಸುವುದಿಲ್ಲ. ಪಿಕ್ಸೆಲ್ ಫಾರ್ಮ್ಯಾಟ್ 8 ಬಿಟ್, 4:2:0 (ಬಣ್ಣದ ವಿವರವನ್ನು ಕಡಿಮೆ ಜಾಗದಲ್ಲಿ ಇಡುವ ಮಾಮೂಲಿ ಬಗೆ) ಇರಲಿ ಅಂತ ಸ್ಪಷ್ಟವಾಗಿ ಹೇಳಿದರೆ ಮಾತ್ರ ಎಲ್ಲ ಕಡೆ ಓಡುವ ಫೈಲ್ ಬರುತ್ತದೆ.

ಹಾಗೆ ಮಾಡಿದಾಗ ಚಿತ್ರ ಬಂತು, ಬಣ್ಣ ಮಾಸಿತ್ತು. ಬೇರೆ ಪಾಠದಲ್ಲಾಗಿದ್ದರೆ ಇದನ್ನು ಬಿಡಬಹುದಿತ್ತೇನೋ. ಇಲ್ಲಿ ಬಿಡುವ ಹಾಗಿಲ್ಲ. ಕಂದು ತಂತಿ ಯಾವುದು, ಕೆಂಪು ಯಾವುದು ಅಂತ ಗೊತ್ತಾಗಲೇಬೇಕು. ಎಚ್‌ಡಿಆರ್‌ನ ಬೆಳಕಿನ ಲೆಕ್ಕವೇ ಬೇರೆ. ಬರೀ ಬಿಟ್ ಕಡಿಮೆ ಮಾಡಿದರೆ ಸಾಲದು, ಟೋನ್ ಮ್ಯಾಪಿಂಗ್ ಎಂಬ ಹಂತ ಸೇರಿಸಿ ಬಣ್ಣಗಳನ್ನು ಸಾಮಾನ್ಯ ತೆರೆಗೆ ಹೊಂದಿಸಬೇಕು. ಆ ಹಂತವನ್ನೂ ಸೇರಿಸಿ ಮತ್ತೆ ಪರಿವರ್ತಿಸಿದೆವು. ಆಮೇಲೆ ಶಿಕ್ಷಕಿಯನ್ನು ಕೂರಿಸಿಕೊಂಡು, ತಂತಿಗಳ ಬಣ್ಣ ಸರಿಯಿದೆಯಾ ಅಂತ ಒಂದೊಂದು ಪಾಠವನ್ನೂ ನೋಡಿಸಿದೆವು. ಬಣ್ಣ ನಿಜವೋ ಅಲ್ಲವೋ ಅಂತ ಹೇಳಬಲ್ಲವರು ಅವರು ಮಾತ್ರ. ಆ ತಂತಿಗಳನ್ನು ಕೈಯಲ್ಲಿ ಹಿಡಿದವರು ಅವರೇ ಅಲ್ವಾ?

4ಕೆಯಲ್ಲಿ ಹಿಡಿದಿದ್ದ ಪಾಠಗಳನ್ನು ಇದೇ ಹೊತ್ತಿಗೆ 1080ಕ್ಕೆ ಇಳಿಸಿದೆವು. 4ಕೆ ಚಿತ್ರದಲ್ಲಿ ಅದರ ನಾಲ್ಕು ಪಟ್ಟು ಪಿಕ್ಸೆಲ್ ಇರುತ್ತವೆ. ಎಚ್.264ರಲ್ಲಿ ಹಾಗೇ ಇಟ್ಟರೆ ಫೈಲ್ ದೊಡ್ಡದಾಗುತ್ತದೆ, ಹಳೆಯ ಚಿಪ್‌ಗಳು ತಡವರಿಸುತ್ತವೆ.

ಮುಂದಿನ ಪಾಠಗಳಿಗೆ ಶಿಕ್ಷಕಿಯ ಫೋನ್‌ನಲ್ಲೇ ಎರಡು ಸೆಟ್ಟಿಂಗ್ ಬದಲಿಸಿದೆವು. ಕ್ಯಾಮೆರಾ ಸೆಟ್ಟಿಂಗ್‌ನ ‘ಫಾರ್ಮ್ಯಾಟ್ಸ್’ನಲ್ಲಿ ‘ಹೈ ಎಫಿಷಿಯೆನ್ಸಿ’ ಬದಲು ‘ಮೋಸ್ಟ್ ಕಂಪ್ಯಾಟಿಬಲ್’ ಆರಿಸಿದೆವು. ವಿಡಿಯೋ ಹಿಡಿಯುವ ಸೆಟ್ಟಿಂಗ್‌ನಲ್ಲಿ ಎಚ್‌ಡಿಆರ್ ಆಫ್ ಮಾಡಿದೆವು. ಮೂಲದಲ್ಲೇ ಸರಿ ಮಾಡಿದರೆ ಆಮೇಲಿನ ಪರಿವರ್ತನೆಯ ಶ್ರಮವೂ ಇಲ್ಲ, ಚಿತ್ರದ ಗುಣವೂ ಕೆಡುವುದಿಲ್ಲ.

ಸುತ್ತುತ್ತಲೇ ಇರುವ ಚಕ್ರ

ಎರಡನೇ ಗುಂಪಿನವರಿಗೆ ಕಪ್ಪೂ ಇಲ್ಲ, ದನಿಯೂ ಇಲ್ಲ. ಚಕ್ರ ಸುತ್ತುತ್ತದೆ, ತುಂಬಾ ಹೊತ್ತಾದ ಮೇಲೆ ಒಮ್ಮೆಲೇ ಶುರುವಾಗುತ್ತದೆ. ಮಧ್ಯಕ್ಕೆ ಎಳೆದರೆ ಮತ್ತೆ ಮೊದಲಿಗೇ ಹೋಗುತ್ತದೆ. ಇವರೆಲ್ಲರಲ್ಲಿ ಸಾಮಾನ್ಯವಾಗಿ ಇದ್ದದ್ದು ಕಂಪ್ಯೂಟರೂ ಅಲ್ಲ, ಬ್ರೌಸರೂ ಅಲ್ಲ. ಎಲ್ಲರೂ ತಮ್ಮ ಕೆಲಸದ ಜಾಗದ ನೆಟ್‌ವರ್ಕ್‌ನಿಂದ ನೋಡುತ್ತಿದ್ದರು. ಅವರೇ ಫೋನ್‌ನ ಡೇಟಾದಲ್ಲಿ ನೋಡಿದಾಗ ತಕ್ಷಣ ಶುರುವಾಗುತ್ತಿತ್ತು.

ಅವರಲ್ಲಿ ಒಬ್ಬರ ಜೊತೆ ಪರದೆ ಹಂಚಿಕೊಂಡು, ಎಫ್12 ಒತ್ತಿ, ಬ್ರೌಸರ್‌ನ ನೆಟ್‌ವರ್ಕ್ ಪುಟ ತೆರೆದು ನೋಡಿದೆವು. ವಿಡಿಯೋಗಳನ್ನು ಬ್ರೌಸರ್ ಒಂದೇ ಸಲ ಪೂರ್ತಿ ಕೇಳುವುದಿಲ್ಲ. ‘ಇಷ್ಟನೇ ಬೈಟ್‌ನಿಂದ ಕೊಡು’ ಅಂತ ತುಂಡಾಗಿ ಕೇಳುತ್ತದೆ. ಸರ್ವರ್ ಒಪ್ಪಿದರೆ 206 ಎಂಬ ಉತ್ತರ ಬರುತ್ತದೆ. ಇಲ್ಲಿ ಬರುತ್ತಿದ್ದದ್ದು 200, ಅಂದರೆ ಪೂರ್ತಿ ಫೈಲ್. ನಮ್ಮ ಸರ್ವರ್ ಬೇರೆ ಎಲ್ಲರಿಗೂ 206 ಕೊಡುತ್ತಿತ್ತು. ನಡುವೆ ಇದ್ದ ಪ್ರಾಕ್ಸಿ (ಕೆಲಸದ ಜಾಗದ ಇಂಟರ್ನೆಟ್ ಕೋರಿಕೆಗಳೆಲ್ಲ ಹಾದುಹೋಗುವ ಮಧ್ಯದ ಸರ್ವರ್), ಇಡೀ ಫೈಲನ್ನು ವೈರಸ್‌ಗಾಗಿ ಪರೀಕ್ಷಿಸಬೇಕೆಂದು, ತುಂಡಾಗಿ ಕೇಳುವ ಆ ಕೋರಿಕೆಯನ್ನೇ ತೆಗೆದುಹಾಕುತ್ತಿತ್ತು.

ಇದರ ಜೊತೆ ಫೈಲ್‌ನ ಒಂದು ಗುಣವೂ ಸೇರಿಕೊಂಡಿತ್ತು. ಎಂಪಿ4 ಫೈಲ್‌ನಲ್ಲಿ ಯಾವ ಚಿತ್ರ ಎಲ್ಲಿದೆ ಎಂಬ ಪಟ್ಟಿ ಒಂದಿರುತ್ತದೆ. ಅದಕ್ಕೆ ‘ಮೂವ್’ ಭಾಗ ಅನ್ನುತ್ತಾರೆ. ಆ ಪಟ್ಟಿ ಸಿಗದೆ ಪ್ಲೇಯರ್ ಒಂದು ಚಿತ್ರವನ್ನೂ ತೋರಿಸಲಾರದು. ರೆಕಾರ್ಡ್ ಮಾಡುವ ತಂತ್ರಾಂಶಗಳು ಸಾಮಾನ್ಯವಾಗಿ ಈ ಪಟ್ಟಿಯನ್ನು ಕೊನೆಯಲ್ಲಿ ಬರೆಯುತ್ತವೆ, ಯಾಕೆಂದರೆ ರೆಕಾರ್ಡಿಂಗ್ ಮುಗಿಯುವ ತನಕ ಪಟ್ಟಿ ಪೂರ್ತಿಯಾಗುವುದಿಲ್ಲ. ತುಂಡಾಗಿ ಕೇಳಲು ಆಗುವ ಕಡೆ ಬ್ರೌಸರ್ ಕೊನೆಯ ತುಂಡನ್ನು ಮೊದಲು ತರಿಸಿಕೊಂಡು ಕೆಲಸ ನಡೆಸುತ್ತದೆ. ಈ ಪ್ರಾಕ್ಸಿಯ ಹಿಂದೆ ಅದು ಸಾಧ್ಯವಿಲ್ಲದ್ದರಿಂದ ಪೂರ್ತಿ ಫೈಲ್ ಇಳಿಯುವ ತನಕ ಚಕ್ರ ಸುತ್ತುತ್ತಿತ್ತು.

ನಮ್ಮ ಕೈಯಲ್ಲಿದ್ದ ಅರ್ಧವನ್ನು ನಾವು ಮಾಡಿದೆವು. ಎಫ್‌ಎಫ್‌ಎಂಪೆಗ್‌ನಲ್ಲಿ ‘ಫಾಸ್ಟ್‌ಸ್ಟಾರ್ಟ್’, ಹ್ಯಾಂಡ್‌ಬ್ರೇಕ್‌ನಲ್ಲಿ ‘ವೆಬ್ ಆಪ್ಟಿಮೈಸ್ಡ್’ ಎಂಬ ಆಯ್ಕೆ ಪಟ್ಟಿಯನ್ನು ಫೈಲ್‌ನ ಮುಂಭಾಗಕ್ಕೆ ತರುತ್ತದೆ. ಚಿತ್ರವನ್ನು ಮತ್ತೆ ಕುಗ್ಗಿಸಬೇಕಾಗಿಲ್ಲ, ಗುಣ ಕೆಡುವುದಿಲ್ಲ, ಕೆಲಸವೂ ಬೇಗ ಮುಗಿಯುತ್ತದೆ. ಇದಾದ ಮೇಲೆ ಪ್ರಾಕ್ಸಿಯ ಹಿಂದೆಯೂ ಪಾಠಗಳು ಬೇಗ ಶುರುವಾದವು. ಮಧ್ಯಕ್ಕೆ ಎಳೆಯುವ ತೊಂದರೆ ಮಾತ್ರ ಉಳಿಯಿತು. ಅದಕ್ಕೆ ನೆಟ್‌ವರ್ಕ್ ನೋಡಿಕೊಳ್ಳುವವರಿಗೆ ಪತ್ರ ಬರೆದು, ನಮ್ಮ ವಿಡಿಯೋ ವಿಳಾಸವನ್ನು ಆ ಪರೀಕ್ಷೆಯಿಂದ ಹೊರಗಿಡಲು ಕೇಳಿಕೊಂಡೆವು. 200 ಮತ್ತು 206 ಉತ್ತರಗಳು ಕಾಣುವ ಎರಡು ಪರದೆಯ ಚಿತ್ರಗಳನ್ನು (ಸ್ಕ್ರೀನ್‌ಶಾಟ್) ಪತ್ರದ ಜೊತೆ ಇಟ್ಟಿದ್ದೆವು. ‘ನಿಮ್ಮ ನೆಟ್‌ವರ್ಕ್ ನಿಧಾನ’ ಅಂತ ಬರೆದಿದ್ದರೆ ಅವರು ಏನು ಮಾಡಬೇಕಿತ್ತು? ಆ ಎರಡು ಚಿತ್ರ ನೋಡಿದ ಮೇಲೆ ಅವರಿಗೆ ಬೇರೆ ವಿವರಣೆ ಬೇಕಾಗಲಿಲ್ಲ.

ಖಾಲಿ ಚೌಕ

ಇದು ಬೇಗ ಮುಗಿದದ್ದು. ಒಂದೇ ಪಾಠ. ಅದರಲ್ಲಿ ಹೊರಗಿನ ಒಂದು ಸೇವೆಯಲ್ಲಿರುವ ವಿಡಿಯೋವನ್ನು ಪುಟದೊಳಗೆ ಕೂರಿಸಿದ್ದರು. ಹಾಕಿದ್ದ ಕೊಂಡಿ ನೋಡುವ ಪುಟದ್ದು, ಎಂಬೆಡ್ ಮಾಡಲು ಕೊಡುವ ಕೊಂಡಿ ಅಲ್ಲ. ಇಂಥ ಸೇವೆಗಳು ತಮ್ಮ ಮಾಮೂಲಿ ಪುಟವನ್ನು ಬೇರೆ ಸೈಟ್‌ನೊಳಗೆ ತೋರಿಸಲು ಬಿಡುವುದಿಲ್ಲ. ‘ಸಂಪರ್ಕ ನಿರಾಕರಿಸಿದೆ’ ಎಂಬ ಅರ್ಥದ ಇಂಗ್ಲಿಷ್ ಸಾಲು ಅಲ್ಲಿ ಬರುತ್ತಿದ್ದದ್ದು ಅದಕ್ಕೇ. ಕೊಂಡಿ ಬದಲಿಸಿದೆವು. ಎಂಬೆಡ್ ಮಾಡುವ ಚೌಕಕ್ಕೆ ಪೂರ್ತಿ ಪರದೆಯ ಅನುಮತಿಯನ್ನೂ ಸೇರಿಸಿದೆವು, ಇಲ್ಲದಿದ್ದರೆ ವಿಡಿಯೋ ದೊಡ್ಡದಾಗುವುದಿಲ್ಲ. ಕೊಂಡಿ ‘ಎಚ್‌ಟಿಟಿಪಿಎಸ್’ನಿಂದಲೇ ಶುರುವಾಗುತ್ತದೆಯಾ ಅಂತ ಇದೇ ಹೊತ್ತಿಗೆ ನೋಡಿಕೊಳ್ಳುವುದು ಒಳ್ಳೆಯದು. ಸುರಕ್ಷಿತ ಪುಟದೊಳಗೆ ಅಸುರಕ್ಷಿತ ಚೌಕವನ್ನು ಬ್ರೌಸರ್ ತಡೆಯುತ್ತದೆ.

ಕೊನೆಗೆ ಉಳಿದ ಒಬ್ಬರು

ಎಲ್ಲ ಮುಗಿದ ಮೇಲೂ ಒಬ್ಬ ಮಹಿಳೆಗೆ ಪಾಠಗಳು ಕಪ್ಪಾಗೇ ಕಾಣುತ್ತಿದ್ದವು. ಎಚ್.264, 8 ಬಿಟ್, ಎಲ್ಲ ಸರಿಯಿದೆ. ಅವರಿಗೆ ಎಲ್ಲ ಸೈಟ್‌ಗಳ ವಿಡಿಯೋವೂ ಹಾಗೆಯೇ ಇತ್ತು. ನಮ್ಮ ಕೋರ್ಸ್ ಬಿಟ್ಟು ಬೇರೆ ಕಡೆ ನೋಡುವ ಅಭ್ಯಾಸ ಆ ಕಂಪ್ಯೂಟರ್‌ನಲ್ಲಿ ಇರಲಿಲ್ಲವಾದ್ದರಿಂದ ಅದು ಅವರ ಗಮನಕ್ಕೆ ಬಂದಿರಲಿಲ್ಲ. ಕ್ರೋಮ್‌ನ ಸೆಟ್ಟಿಂಗ್‌ನಲ್ಲಿ ‘ಸಿಸ್ಟಂ’ ಪುಟಕ್ಕೆ ಹೋಗಿ ಗ್ರಾಫಿಕ್ಸ್ ಆಕ್ಸಲರೇಶನ್ (ಚಿತ್ರದ ಕೆಲಸವನ್ನು ಗ್ರಾಫಿಕ್ಸ್ ಚಿಪ್‌ಗೆ ಒಪ್ಪಿಸುವ ಆಯ್ಕೆ) ಆಫ್ ಮಾಡಿ, ಬ್ರೌಸರನ್ನು ಮತ್ತೆ ಶುರು ಮಾಡಿಸಿದೆವು. ಚಿತ್ರ ಬಂತು. ಅಂದರೆ ತೊಂದರೆ ಗ್ರಾಫಿಕ್ಸ್ ಡ್ರೈವರ್‌ನದು, ಆ ಚಿಪ್ಪನ್ನು ನಡೆಸುವ ತಂತ್ರಾಂಶದ್ದು. ಆಫ್ ಮಾಡಿ ಹಾಗೇ ಬಿಟ್ಟರೆ ಎಲ್ಲ ಭಾರ ಪ್ರೊಸೆಸರ್ ಮೇಲೆ ಬಿದ್ದು ಲ್ಯಾಪ್‌ಟಾಪ್ ಬಿಸಿಯಾಗುತ್ತದೆ. ಅದಕ್ಕೆ ಡ್ರೈವರ್ ಅಪ್‌ಡೇಟ್ ಮಾಡಿಸಿ, ಮತ್ತೆ ಆನ್ ಮಾಡಿ, ಚಿತ್ರ ಬರುತ್ತಿರುವುದನ್ನು ನೋಡಿಯೇ ಅವರ ದೂರು ಮುಗಿಸಿದೆವು.

ವರದಿಯನ್ನು ಸರಿಪಡಿಸಿದ್ದು

ವಿಡಿಯೋಗಳು ಸರಿಯಾದವು. ಆದರೆ ಕಪ್ಪು ತೆರೆಗೆ ‘ಮುಗಿದಿದೆ’ ಅಂತ ಗುರುತು ಹಾಕುವ ಸಾಫ್ಟ್‌ವೇರ್ ಹಾಗೇ ಇತ್ತು. ನಾಳೆ ಇನ್ನೊಬ್ಬ ಶಿಕ್ಷಕರು ಬೇರೆ ಫೋನ್‌ನಲ್ಲಿ ಹಿಡಿದು ಹಾಕಿದರೆ ಮತ್ತೆ ಇದೇ ಆಗುತ್ತದೆ, ಮತ್ತೆ ವರದಿ ‘ಎಲ್ಲ ಸರಿ’ ಅನ್ನುತ್ತದೆ. ಅದನ್ನು ಬಿಟ್ಟು ಕೆಲಸ ಮುಗಿಯಿತು ಅನ್ನಲು ನನಗೆ ಮನಸ್ಸು ಬರಲಿಲ್ಲ.

ಇದಕ್ಕೆ ದಾರಿ ಬ್ರೌಸರ್‌ನಲ್ಲೇ ಇದೆ. ವಿಡಿಯೋದ ಮಾಹಿತಿ ಓದಿ ಮುಗಿದ ಕೂಡಲೇ ಚಿತ್ರದ ಅಗಲ ಎಷ್ಟು ಅಂತ ಪ್ಲೇಯರನ್ನು ಕೇಳಬಹುದು. ಚಿತ್ರದ ಎಳೆಯನ್ನು ಬಿಟ್ಟು ದನಿ ಮಾತ್ರ ಓಡಿಸುತ್ತಿದ್ದರೆ ಆ ಅಗಲ ಸೊನ್ನೆ ಇರುತ್ತದೆ. ಪ್ಲೇಯರ್‌ಗೆ ಕೆಲವೇ ಸಾಲಿನ ಕೋಡ್ ಸೇರಿಸಿದೆವು. ಅಗಲ ಸೊನ್ನೆ ಇದ್ದರೆ ‘ಈ ಪಾಠದ ಚಿತ್ರ ನಿಮ್ಮ ಬ್ರೌಸರ್‌ನಲ್ಲಿ ಕಾಣುತ್ತಿಲ್ಲ. ತಪ್ಪು ನಿಮ್ಮದಲ್ಲ. ನಮಗೆ ವಿಷಯ ತಲುಪಿದೆ’ ಎಂಬ ಸಂದೇಶ ಬರುತ್ತದೆ. ‘ಮುಗಿದಿದೆ’ ಗುರುತು ಬೀಳುವುದಿಲ್ಲ. ಯಾವ ಪಾಠ, ಯಾವ ಬ್ರೌಸರ್ ಎಂಬ ವಿವರ ನಮ್ಮ ದಾಖಲೆಗೆ ಬರುತ್ತದೆ. ಗ್ರಾಫಿಕ್ಸ್ ಡ್ರೈವರ್‌ನ ತೊಂದರೆಯನ್ನು ಇದು ಹಿಡಿಯಲಾರದು, ಯಾಕೆಂದರೆ ಅಲ್ಲಿ ಅಗಲ ಸರಿಯಾಗೇ ಇರುತ್ತದೆ, ತೆರೆಗೆ ಬರುವಾಗ ಹಾಳಾಗುತ್ತದೆ. ಅಂಥವು ಇನ್ನೂ ನೋಡುವವರ ಬಾಯಿಂದಲೇ ಗೊತ್ತಾಗಬೇಕು.

ಅಪ್‌ಲೋಡ್ ಕಡೆಯೂ ಒಂದು ತಪಾಸಣೆ ಇಟ್ಟೆವು. ಹೊಸ ವಿಡಿಯೋ ಬಂದ ಕೂಡಲೇ ಸರ್ವರ್ ಅದರ ಕೋಡೆಕ್, ಬಿಟ್ ಡೆಪ್ತ್, ಪಟ್ಟಿ ಮುಂದಿದೆಯೋ ಹಿಂದಿದೆಯೋ ಎಂಬ ಮೂರನ್ನೂ ನೋಡುತ್ತದೆ. ಸರಿಯಿಲ್ಲದ್ದನ್ನು ತಿರಸ್ಕರಿಸಿ ಶಿಕ್ಷಕರಿಗೆ ಕಷ್ಟ ಕೊಡುವುದಿಲ್ಲ, ಪರಿವರ್ತನೆಯ ಸಾಲಿಗೆ ಹಾಕುತ್ತದೆ. ಪಾಠ ಕಲಿಸುವವರು ಬಿಟ್ ಡೆಪ್ತ್ ಕಲಿಯಬೇಕಾಗಿಲ್ಲ.

ಹೆಲ್ಪ್‌ಡೆಸ್ಕ್‌ನ ಸಿದ್ಧ ಉತ್ತರವನ್ನು ತೆಗೆದು, ಅದರ ಜಾಗದಲ್ಲಿ ‘ಏನು ಕಾಣುತ್ತಿದೆ, ಏನು ಕೇಳಿಸುತ್ತಿದೆ’ ಎಂಬ ಪ್ರಶ್ನೆಯನ್ನೇ ಇಟ್ಟೆವು. ಉತ್ತರಿಸದೆ ಸುಮ್ಮನಾದವರ ದೂರು ಈಗ ತಾನಾಗಿ ಮುಚ್ಚುವುದಿಲ್ಲ. ಹಳೆಯ ಪಟ್ಟಿಯಲ್ಲಿ ‘ಪರಿಹಾರವಾಗಿದೆ’ ಅಂತಿದ್ದವರಿಗೆಲ್ಲ ಪಾಠಗಳು ಸರಿಯಾಗಿವೆ ಅಂತ ತಿಳಿಸಿ, ಬೇಕಾದವರಿಗೆ ಆ ಪಾಠಗಳ ಪರೀಕ್ಷೆಯನ್ನು ಮತ್ತೆ ಬರೆಯಲು ಅವಕಾಶ ಕೊಟ್ಟೆವು. ಕಪ್ಪು ತೆರೆಯ ಮುಂದೆ ಬರೆದ ಹಳೆಯ ಅಂಕಗಳನ್ನು ಶಿಕ್ಷಕಿ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.